ಇಪ್ಪತ್ತೆರಡು ಶಿಮ್ಮು

ಪೆರ್ಲದ ಕಲ್ಲುಕೋರೆಯಲ್ಲಿ ಹಾರಿ ಹಾರಿ
ಬೈಕಿನ ಹಿಂದಿನ ಶಾಕ್ ಎಣ್ಣೆ ಕಾರಿತು.
ಗ್ಯಾಸ್ ಬಿಟ್ಟೆವು. ಉಸ್ಸೆಂದಿತು,
ಬಾವಿಕಟ್ಟೆಯ ಬೆಕ್ಕು ಓಡಿತು.

ನೆಲಕ್ಕೆ ಹಾಸಿದ್ದು ಮಲಯಾಳಂ ಪೇಪರು,
ಬೈಗುಳ ತುಳುವಿನದು,
ಎಣಿಕೆ ಮಾತ್ರ ಕನ್ನಡದಲ್ಲಿ, ಶಾಲೆಯಲ್ಲಿ ಕಲಿತ ಹಾಗೆ.
ಬೂತಾಯಿಯ ಹುರುಪೆಯಷ್ಟು ತೆಳು ಶಿಮ್ಮು,
ಬಿಚ್ಚುವಾಗ ಇಪ್ಪತ್ತೆರಡು
ಜೋಡಿಸುವಾಗ ಇಪ್ಪತ್ತೊಂದು.

"ನೀನೇ ಬೀಳಿಸಿದ್ದು, ಎಲ್ವಿನ್."
"ಎಂತ ಮಾರಾಯ, ನಿನ್ನದೇ ಗಡಿಬಿಡಿ."
ಪೇಪರು ಕೊಡವಿದೆವು, ಅಂಗಳ ಗುಡಿಸಿದೆವು,
ಮಾತು ಬಿಟ್ಟೆವು.

ಸಂಜೆ ಅವನ ತಂಗಿ ಐವಿ
ಒಂದೊಂದನ್ನೂ ಉಗುರಲ್ಲಿ ಕೆದಕಿದಳು:
ಎರಡು, ಎಣ್ಣೆಗೆ ಅಂಟಿ
ಒಂದೇ ಅಂತ ಕೂತಿದ್ದವು.

ಹೊಸ ಎಣ್ಣೆ. ರಾಡು ಮೆಲ್ಲಗೆ ಒತ್ತಿದೆವು, ಎತ್ತಿದೆವು.
ಗುಳ್ಳೆ.
ಮತ್ತೆ ಗುಳ್ಳೆ.
ಆಮೇಲೆ ಇಲ್ಲ.

ನಾಳೆ ನೈಟ್ರೋಜನ್ ತುಂಬಿಸಲು ಉಪ್ಪಳಕ್ಕೆ,
ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ.