ಸ್ಟಿಲ್ ಇರಲಿ

ಗ್ರಿಮ್ಸ್‌ಬಿಯ ಸಂಜೆ ತರಗತಿ. ಹೀಟರ್ ಕೆಟ್ಟಿದೆ.
ಮೀನಿನ ಕಾರ್ಖಾನೆಯಿಂದ ನೇರ ಬಂದಿದ್ದಾಳೆ ಸೆಲಮಾವಿತ್;
ಬೆರಳ ವಾಸನೆ ನಿಂಬೆಗೂ ಜಗ್ಗಿಲ್ಲ.
ಬರೆದಳು:

ಆಲ್ದೋ ಗಂಡ ಬರಲಿಲ್ಲ,
ಬಟ್ ಸ್ಟಿಲ್ ಎರಡು ತಟ್ಟೆ ಇಡುತ್ತೇನೆ.

ಓಲ್ಡ್‌ರಾಯ್ಡ್ ಮೇಡಂ ಕನ್ನಡಕ ಏರಿಸಿದರು:
ಒಂದೇ ಕದಕ್ಕೆ ಎರಡು ಚಿಲಕ ಯಾಕಮ್ಮ?
ಆಲ್ದೋ ಬಂದಮೇಲೆ ಬಟ್ ಬೇಡ.
ಕೆಂಪು ಗೀಟು. ಬಟ್ ಹೋಯಿತು.

ಸ್ಟಿಲ್?

ಅದು ಬರೀ ಕ್ರಿಯಾವಿಶೇಷಣ,
ತೆಗೆದರೂ ವಾಕ್ಯ ಬೀಳುವುದಿಲ್ಲ, ಅನ್ನಹೊರಟು
ಎರಡನೇ ತಟ್ಟೆ ಕಂಡಂತಾಗಿ
ಪೆನ್ನು ಅಲ್ಲೇ ತಡೆಯಿತು.

ಇದು ಇರಲಿ, ಎಂದರು.
ಜೋಡಿಸುವುದು ಇದರ ಕೆಲಸವಲ್ಲ,
ಜೋಡಿಸುವವರು ಎದ್ದುಹೋದರೂ
ಕೂತಿರುತ್ತದೆ, ಅಷ್ಟೆ.

ಸೆಲಮಾವಿತ್ ಕೆಳಗಿನ ಗೆರೆಗೆ ಇಳಿದು
ಆಂಡ್ ದೆನ್ ಎಂದು ಬರೆದು
ಪೆನ್ನಿನ ಮುಚ್ಚಳ ಕಚ್ಚುತ್ತ
ಕಿಟಕಿಯಾಚೆ ಬಸ್ಸು ಹೋಗುವುದನ್ನು ನೋಡಿದಳು.