ಹದಿನೇಳನೇ ಕ್ಯಾನು

ಚೆಯ್ಯಂಡಾಣೆಯ ಹೈಸ್ಕೂಲಿಗೆ ನಾನು ತಂದಿಳಿಸಿದ್ದು
ಮೂವತ್ತೊಂದು ಬಿಳಿ ಕ್ಯಾನು. ಐದೈದು ಲೀಟರಿನವು.
ಒಂಬತ್ತನೇ ಕ್ಲಾಸು ನನ್ನ ಮುಖ ನೋಡಲಿಲ್ಲ,
ಕ್ಯಾನುಗಳನ್ನೂ ನೋಡಲಿಲ್ಲ.
ಮಳೆ ಬಿಟ್ಟ ಗ್ರೌಂಡಿನಲ್ಲಿ ಏನೋ ನಡೆಯುತ್ತಿರುವಂತೆ
ಕಿಟಕಿಯಾಚೆ ನೋಡಿತು.

'ಬೆಳಗಿನ ಮೊದಲನೆಯದು ಬೇಡ, ಹೋಗಲಿ.
ಅಲ್ಲಿಂದ ಮಾರನೆಯ ಬೆಳಗಿನ ಮೊದಲನೆಯದರ ತನಕ
ಒಂದು ಹನಿ ಬಿಡದೆ ಇದರೊಳಗೆ.'
ಹಿಂದಿನ ಬೆಂಚಿನ ಉತ್ತಯ್ಯ ಕೆಮ್ಮಿದಂತೆ ನಕ್ಕ,
ಹೆಡ್ಮಾಸ್ಟರು ನಕ್ಕಂತೆ ಕೆಮ್ಮಿದರು.
ಬಾಗಿಲ ಬಳಿ ಫಿದಾ ಬಂದು ಕಿವಿಯಲ್ಲಿ,
'ನಿನ್ನೆಯಿಂದ ನನಗೆ...' ಎಂದಳು.
ಅವಳ ಹೆಸರಿನೆದುರು 'ಮುಂದಿನ ವಾರ' ಎಂದು ಬರೆದುಕೊಂಡೆ.

ಮೊದಲು ಕಾಗದದಲ್ಲೇ ಕೇಳಿದ್ದೆವು:
ಮನೆಗೆ ತಿಂಗಳಿಗೆ ಉಪ್ಪು ಎಷ್ಟು ಪೊಟ್ಟಣ?
ಒಬ್ಬಳು ಹನ್ನೊಂದು ಎಂದಿದ್ದಳು.
ಗಾಬರಿಯಾಗಿ ವಿಚಾರಿಸಿದರೆ, ಅದರಲ್ಲಿ ದನಗಳ ಪಾಲಿದೆ,
ಭರಣಿಯ ಬೈಂಬಳೆಯ ಪಾಲಿದೆ, ಕಾಡುಮಾವಿನದಿದೆ,
ಮಳೆಗಾಲವಲ್ಲವೇ, ಜಿಗಣೆಗಳ ಪಾಲೂ ಇದೆ.
ಉತ್ತಯ್ಯನ ಚಡ್ಡಿ ಜೇಬಿನಲ್ಲಿ ಒದ್ದೆ ಬಟ್ಟೆಯ ಗಂಟು.
'ಇದನ್ನೂ ಬರೀಬೇಕಾ ಮೇಡಂ?'
ಬರೆದೆ, ಎರಡು ಚಮಚ ಎಂದು. ಆಮೇಲೆ ಹೊಡೆದು ಹಾಕಿದೆ.

ಬಾಯಿ ಮರೆಯುತ್ತದೆ. ಮರೆಯದಿದ್ದರೆ ಮರ್ಯಾದೆಗೆ ಅಂಜುತ್ತದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು,
ಕುಡಿದ ನೀರು ಎಲ್ಲಾದರೂ ಇಳಿಯಲೇಬೇಕು.
ಲೆಕ್ಕ ಅಲ್ಲಿದೆ.

ಮಾರನೆಯ ದಿನ ಬಂದವು:
ಸಿಮೆಂಟು ಚೀಲದಲ್ಲಿ ಒಂದು,
ಯಾರದೋ ಮದುವೆಯ ತಾಂಬೂಲದ ಚೀಲದಲ್ಲಿ ಒಂದು,
ಮಡಿಸಿದ ರೈನ್‌ಕೋಟಿನೊಳಗೆ ಎಳೆಮಗುವಿನಂತೆ ಒಂದು.
ಬಸ್ಸಿನಲ್ಲಿ ಕಂಡಕ್ಟರ್ 'ಏನಮ್ಮಾ, ಜೇನಾ?' ಎಂದನಂತೆ;
ಇಳಿದವಳೇ ತಿರುವಿನಲ್ಲಿ ಚೆಲ್ಲತೊಡಗಿ
ನನ್ನ ಮಾತು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದ್ದಳು.
ಇನ್ನೊಂದು ತೀರಾ ತಿಳಿ. ಮರೆತಷ್ಟನ್ನು
ನಲ್ಲಿಯಿಂದ ತುಂಬಿಸಿದ್ದಾರೆ ಯಾರೋ.
ಕ್ರಿಯಾಟಿನಿನ್ ಎಂಬುದೊಂದಿದೆ, ಚಾಡಿಕೋರ,
ಎಲ್ಲ ಹೇಳಿಬಿಡುತ್ತದೆ.

ಯಂತ್ರದ ಚೀಟಿಯಲ್ಲಿ ಹದಿನೇಳನೇ ನಂಬರು.
ಉಪ್ಪು ಹತ್ತು ಗ್ರಾಂ ದಾಟಿದೆ.
ಪೊಟ್ಯಾಸಿಯಂ ಇರಬೇಕಾದ್ದರ ಕಾಲು ಭಾಗ.
ನಂಬರಿಗೆ ಹೆಸರು ಕೂಡಿಸುವುದಿಲ್ಲವೆಂದು ಸಹಿ ಹಾಕಿದವಳು ನಾನು.
ಆದರೆ ಆ ಕ್ಯಾನಿನ ಹಿಡಿಗೆ ಕಟ್ಟಿದ್ದ ಕೆಂಪು ರಿಬ್ಬನ್ನು
ಸಹಿ ಹಾಕಿರಲಿಲ್ಲ.
ವೈ. ಬಿ. ಮಿನಿ. ಎಸ್ಟೇಟಿನ ಲೈನ್ ಮನೆ.
ಬೆಳಿಗ್ಗೆ ಗಂಜಿ, ಉಪ್ಪು. ಮಧ್ಯಾಹ್ನ ಸ್ಕೂಲಿನೂಟ.
ನಡುವೆ ಐದು ರೂಪಾಯಿಯ ಪ್ಯಾಕೆಟ್ಟು.
ರಾತ್ರಿ ಅನ್ನ, ಸುಟ್ಟ ಒಣಮೀನು.
ಹಣ್ಣು ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ:
'ಗೊನೆ ಸಂತೆಗೆ ಹೋಗುತ್ತದೆ.'

ಕ್ಲಾಸಿನ ಸರಾಸರಿಯನ್ನು ಸ್ಕೂಲಿಗೊಪ್ಪಿಸಿ ಮರಳುವಾಗ
ಎಸ್ಟೇಟಿನಲ್ಲಿ ಗೊಬ್ಬರದ ಕೆಲಸ.
ಅವಳಪ್ಪ ಬೊಳ್ಳನ ಬಕೆಟ್ಟಿನಲ್ಲಿ ಇಟ್ಟಿಗೆ ಬಣ್ಣದ ಹರಳು. ಪೊಟ್ಯಾಷ್.
ಮಣ್ಣನ್ನು ಲ್ಯಾಬಿಗೆ ಕಳಿಸಿ ತರಿಸಿದ ಅಳತೆ,
ಕತ್ತರಿಸಿದ ಡಬ್ಬಿಯಲ್ಲಿ ಗಿಡಕ್ಕಿಷ್ಟು.
ಹೆಚ್ಚಾದರೂ ರೈಟರು ಬೈಯುತ್ತಾರೆ,
ಕಮ್ಮಿಯಾದರೂ ಬೈಯುತ್ತಾರೆ.
ಒಂದು ಗಿಡವನ್ನೂ ತಪ್ಪಿಸದೆ, ಬುಡಕ್ಕೆ ಬಗ್ಗಿ ಬಗ್ಗಿ
ಬೊಳ್ಳ ಸುತ್ತ ಉದುರಿಸುತ್ತಿದ್ದ.

ಸ್ಕೂಲು ಬಿಟ್ಟು ಬಂದ ಮಿನಿ ಚೀಲ ಇಳಿಸದೆ ಕೇಳಿದಳು:
'ಮೇಡಂ, ನಮ್ಮದರಲ್ಲಿ ನೀವು ಹುಡುಕಿದ್ದೂ
ಅಪ್ಪ ಹಾಕೋದೂ ಒಂದೇನಾ?'
'ಒಂದೇ,' ಎಂದೆ.
ಅಷ್ಟು ಸಾಲದೆನಿಸಿ, 'ಆದರೆ ಅದನ್ನ ತಿನ್ನಬಾರದು,' ಎಂದೆ.
ಬೊಳ್ಳ ಪಂಚೆಗೆ ಕೈ ಒರೆಸಿಕೊಂಡು
ಬೇಲಿಯಂಚಿನ ಬಾಳೆಯತ್ತ ನೋಡಿದ,
ರೈಟರತ್ತ ನೋಡಿದ, ಮತ್ತೆ ಬಗ್ಗಿದ.

ನನ್ನ ಹಿಮ್ಮಡಿಗೆ ಜಿಗಣೆ ಹತ್ತಿದ್ದನ್ನು ಮೊದಲು ಕಂಡವಳು ಅವಳೇ.
ಗಂಟು ಬಿಚ್ಚಿ ಒಂದು ಚಿಟಿಕೆ ಉದುರಿಸಿದಳು.
ಅದು ಸುರುಟಿ ಕೆಳಗೆ ಬಿತ್ತು.
'ಎಷ್ಟು ಗ್ರಾಂ, ಮೇಡಂ?' ಎಂದಳು.