ಆರುನೂರು ಮಿಲಿಮೀಟರ್

ಇಲ್ಲಿ ವಿಮಾನ ನೋಡಲು ಕತ್ತು ಎತ್ತಬೇಕಿಲ್ಲ,
ಬಗ್ಗಬೇಕು.
ವೇಲ್ಸಿನ ಈ ಕಣಿವೆಯಲ್ಲಿ ಫೈಟರುಗಳು
ನಮ್ಮ ಮೊಣಕಾಲ ಕೆಳಗೆ ಹಾದುಹೋಗುತ್ತವೆ,
ಬಂದರೆ.

ಬೆಳಗಿನಿಂದ ಬಂದಿಲ್ಲ.
ಒದ್ದೆ ಜರೀಗಿಡಗಳ ನಡುವೆ ಹನ್ನೊಂದು ಮಂದಿ,
ಹನ್ನೊಂದು ಉದ್ದ ಮೂತಿಯ ಲೆನ್ಸು,
ಒಂದೇ ಫ್ಲಾಸ್ಕಿನ ಆರಿದ ಚಹಾ.

ಇಥೆಲ್ ತನ್ನದಕ್ಕೆ ಹಳೇ ಉಣ್ಣೆಯ ಕಾಲುಚೀಲ ತೊಡಿಸಿದ್ದಾನೆ.
ಸ್ಲೇಟುಗಣಿಯ ಸಿಡಿಮದ್ದು ಅವನ ಎರಡೂ ಕಿವಿ ತಿಂದಿದೆ.
ನಾವು ರೇಡಿಯೋಗೆ ಕಿವಿಗೊಟ್ಟು ಕೂತರೆ
ಅವನು ಕವೆಬಾಲದ ಕೆಂಚು ಹದ್ದನ್ನು ನೋಡುತ್ತಾನೆ.
ಕುರಿಗಳಿಗೆ ಜೆಟ್ಟು ರೂಢಿಯಾಗಿದೆ, ತಲೆ ಎತ್ತವು;
ಹದ್ದು ಮಾತ್ರ ಇನ್ನೂ ಒಪ್ಪಿಲ್ಲ.

ಮೂರು ಇಪ್ಪತ್ತಕ್ಕೆ ಅದು ಒಂದು ರೆಕ್ಕೆ ಮಡಚಿತು.
ಇಥೆಲ್ ತಿರುಗಿದ. ನಾವು ತಿರುಗುವಷ್ಟರಲ್ಲಿ
ಗುಡ್ಡದ ಎದೆ ಅದುರಿ, ಬೂದಿಬಣ್ಣದ್ದೊಂದು
ಬಂದದ್ದೇ ಹೋಯಿತು.
ನನ್ನ ನಲವತ್ತು ಫ್ರೇಮಿನಲ್ಲೂ ಎದುರುಗುಡ್ಡದ ಹುಲ್ಲು,
ಚೊಕ್ಕ, ಎಸಳೆಸಳೂ ಎಣಿಸುವ ಹಾಗೆ.

ಅವನ ಪರದೆಯಲ್ಲಿ ಹದ್ದಿನ ತೆಳು ಹಳದಿ ಕಣ್ಣು.
ಅದರ ಹಿಂದೆ, ಒರೆಸಿದ ಬಳಪದ ಗೆರೆಯಂತೆ, ವಿಮಾನ.
ಮೈಲು ದೂರದ್ದನ್ನೂ ಮಾರು ದೂರದ್ದನ್ನೂ
ಈ ಗಾಜು ಒಂದೇ ಗೋಡೆಗೆ ಅಂಟಿಸಿಬಿಡುತ್ತದೆ.
"ಫೋಕಸ್ ತಪ್ಪಿತಲ್ಲ" ಅಂದರು ಯಾರೋ.
ಅವನಿಗೆ ಕೇಳಲಿಲ್ಲ.

ಇಳಿಯುವಾಗ ನನ್ನ ತೋಳು ಹಿಡಿದು ನಿಲ್ಲಿಸಿದ:
ಸದ್ದು ಹೇಗಿತ್ತು?
ನಾನು ಎರಡೂ ಕೈಯಲ್ಲಿ ಗಾಳಿಯನ್ನು
ಹೊಸ ಬಟ್ಟೆಯಂತೆ ಪರ್ರನೆ ಹರಿದು ತೋರಿಸಿದೆ.
ಇಥೆಲ್ ತಲೆಯಾಡಿಸಿದ.
ಅದಲ್ಲವೋ,
ಹದ್ದಿನದು.